ಅಳತೆಗೋಲನ್ನೇ ಅಳೆಯುವ ಗಣಿತ

ಒಂದು ಕಾಗದ, ಒಂದು ಪೆನ್ನು ತೆಗೆದುಕೊಳ್ಳಿ. ಈ ಲೆಕ್ಕವನ್ನು ನೀವೇ ಕೈಯಾರೆ ಮಾಡಬೇಕು, ಆಗಲೇ ಅದರ ರೋಮಾಂಚನ.

ಕುಡಿತದ ಸಮಸ್ಯೆಯನ್ನು ಪತ್ತೆಹಚ್ಚಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 'ಆಡಿಟ್' ಎಂಬ ಪ್ರಶ್ನಾವಳಿ ಇದೆ. ಹತ್ತೇ ಪ್ರಶ್ನೆ, ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರಿಕೆಯ ಗಂಟೆ. 1993ರಲ್ಲಿ ಪ್ರಕಟವಾದ ಅದರ ಮೂಲ ಅಧ್ಯಯನದಲ್ಲಿ ಅಪಾಯಕಾರಿಯಾಗಿ ಅಥವಾ ಹಾನಿಕರವಾಗಿ ಕುಡಿಯುವವರ ಪೈಕಿ ಶೇಕಡ 92 ಮಂದಿ ಈ ಗೆರೆ ದಾಟಿದ್ದರು. ಹಾಗೆ ಕುಡಿಯದವರಲ್ಲಿ ಶೇಕಡ 94 ಮಂದಿ ಗೆರೆಯ ಕೆಳಗೇ ಉಳಿದಿದ್ದರು. ಹತ್ತು ಪ್ರಶ್ನೆಗೆ ಇಷ್ಟು ಶಕ್ತಿಯೇ ಎಂದು ಬೆರಗಾಗುವಂಥ ಅಂಕಿಗಳು.

ಈಗ ಇದೇ ಪ್ರಶ್ನಾವಳಿಯನ್ನು ಹತ್ತು ಸಾವಿರ ಜನರ ಮುಂದಿಡೋಣ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವಯಸ್ಸಿನ ಭಾರತೀಯರಲ್ಲಿ ಶೇಕಡ 5.2 ಮಂದಿಗೆ ಕುಡಿತ ಹಾನಿಕರವಾಗಿದೆ ಇಲ್ಲವೇ ಅವರು ಅದರ ದಾಸರಾಗಿದ್ದಾರೆ. ಸಮಸ್ಯೆಯ ವ್ಯಾಖ್ಯೆ ಎರಡೂ ಕಡೆ ಅಕ್ಷರಶಃ ಒಂದೇ ಅಲ್ಲ, ಆದರೂ ಲೆಕ್ಕದ ಚಹರೆ ಕಾಣಲು ಇಷ್ಟು ಸಾಕು. ಹತ್ತು ಸಾವಿರದಲ್ಲಿ 520 ಮಂದಿಗೆ ಸಮಸ್ಯೆ. ಅವರಲ್ಲಿ ಶೇಕಡ 92 ಎಂದರೆ 478 ಮಂದಿ ಸಿಕ್ಕಿಬೀಳುತ್ತಾರೆ. ಉಳಿದ 9,480 ಮಂದಿಗೆ ಏನೂ ಸಮಸ್ಯೆಯಿಲ್ಲ. ಆದರೆ ಅವರಲ್ಲೂ ಶೇಕಡ 6, ಅಂದರೆ 569 ಮಂದಿ ತಪ್ಪಾಗಿ ಗೆರೆ ದಾಟುತ್ತಾರೆ. ಗಂಟೆ ಬಾರಿಸಿದ್ದು ಒಟ್ಟು 1,047 ಮಂದಿಗೆ. ನಿಜವಾಗಿ ಸಮಸ್ಯೆ ಇದ್ದದ್ದು 478 ಮಂದಿಗೆ. ನೂರಕ್ಕೆ 46!

ಅರ್ಧಕ್ಕಿಂತ ಕಡಿಮೆ. ಶೇಕಡ 92, ಶೇಕಡ 94 ಎಂದು ಮೆರೆದ ಪರೀಕ್ಷೆಯ 'ಹೌದು' ಎಂಬ ಉತ್ತರ ಅರ್ಧದಷ್ಟು ಸಲವೂ ನಿಜವಾಗುತ್ತಿಲ್ಲ.

ಕಾಗದ ಮಡಚಬೇಡಿ, ಇನ್ನೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಅಂಥ ಕಡೆ ಬರುವವರು ಸಮಸ್ಯೆಯ ಸುಳಿವು ಇಟ್ಟುಕೊಂಡೇ ಬರುವವರು. ಇಂಥದೊಂದು ಜಾಗದಲ್ಲಿ ಸಾವಿರ ಮಂದಿ ಬಂದರು, ಅವರಲ್ಲಿ 500 ಮಂದಿಗೆ ನಿಜವಾಗಿಯೂ ಸಮಸ್ಯೆ ಇದೆ ಎಂದಿಟ್ಟುಕೊಳ್ಳಿ. 460 ಸರಿಯಾದ ಗಂಟೆ, 30 ತಪ್ಪು ಗಂಟೆ. ಈಗ 'ಹೌದು' ಎಂಬ ಉತ್ತರ ನೂರಕ್ಕೆ 94 ಸಲ ನಿಜ. ಪ್ರಶ್ನೆಗಳು ಅವೇ, ಅಂಕಗಳು ಅವೇ, ಗೆರೆಯೂ ಅದೇ. ಎದುರಿಗೆ ಕೂತ ಜನ ಬೇರೆ, ಅಷ್ಟೇ. ಉತ್ತರದ ಅರ್ಥ ಅಷ್ಟಕ್ಕೇ ತಲೆಕೆಳಗಾಯಿತು. ಪರೀಕ್ಷೆಯೊಂದರ ನಿಖರತೆ ಆ ಪರೀಕ್ಷೆಯ ಒಳಗೆ ಮಾತ್ರ ಇರುವುದಲ್ಲ, ಅದು ಯಾರನ್ನು ಎದುರುಗೊಳ್ಳುತ್ತದೋ ಅವರೊಂದಿಗೆ ಸೇರಿ ಹುಟ್ಟುತ್ತದೆ. ಮದ್ಯಪಾನದ ಸಂಶೋಧನೆಯಲ್ಲಿ ಬಳಕೆಯಾಗುವ ಸಂಖ್ಯಾಶಾಸ್ತ್ರವೆಲ್ಲ ಈ ಒಂದು ಅಚ್ಚರಿಯನ್ನು ಪಳಗಿಸಲು ಮಾಡಿದ ಸಾಹಸ ಎಂದೇ ನನಗೆ ಕಾಣುತ್ತದೆ.

ಆಡಿಟ್ ಹುಟ್ಟಿದ್ದೇ ಒಂದು ಕಥೆ. ಆಸ್ಟ್ರೇಲಿಯಾ, ಬಲ್ಗೇರಿಯಾ, ಕೆನ್ಯಾ, ಮೆಕ್ಸಿಕೊ, ನಾರ್ವೆ, ಅಮೆರಿಕ, ಈ ಆರು ದೇಶಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 1,888 ಜನರನ್ನು ಸುಮಾರು 150 ಪ್ರಶ್ನೆಗಳ ಸಂದರ್ಶನಕ್ಕೆ ಒಳಪಡಿಸಿದರು. ಕುಡಿಯುವ ರೀತಿಯೇ ಬೇರೆಬೇರೆಯಾದ ಆ ದೇಶಗಳಲ್ಲೆಲ್ಲ ಒಂದೇ ರೀತಿ ಕೆಲಸ ಮಾಡಿದ ಪ್ರಶ್ನೆಗಳನ್ನು ಹೆಕ್ಕಿ ಹೆಕ್ಕಿ ಹತ್ತಕ್ಕೆ ಇಳಿಸಿದರು. ಮೊದಲ ಮೂರು ಪ್ರಶ್ನೆ ಎಷ್ಟು ಕುಡಿಯುತ್ತೀರಿ ಎಂಬುದರ ಬಗ್ಗೆ. ಮುಂದಿನವು ಹಿಡಿತ ತಪ್ಪುವುದು, ಬೆಳಗ್ಗೆ ಎದ್ದೊಡನೆ ಬೇಕೆನಿಸುವುದು, ಕುಡಿದದ್ದಕ್ಕೆ ಪಶ್ಚಾತ್ತಾಪ, ರಾತ್ರಿ ನಡೆದದ್ದು ನೆನಪಿಲ್ಲದಿರುವುದು, ಗಾಯ ಮಾಡಿಕೊಳ್ಳುವುದು ಇತ್ಯಾದಿ. ಹತ್ತನೆಯದು ನನಗೆ ಬಹಳ ಇಷ್ಟವಾದದ್ದು: ನಿಮ್ಮ ನೆಂಟರೋ ಸ್ನೇಹಿತರೋ ವೈದ್ಯರೋ ಯಾರಾದರೂ ಕುಡಿತ ಕಡಿಮೆ ಮಾಡಿ ಅಂದಿದ್ದಾರಾ? ಮನೆಯವರು ಎಂದೋ ಆಡಿದ ಮಾತು ಅಂಕವಾಗಿ ಕಾಗದಕ್ಕೆ ಇಳಿಯುವ ಜಾಗ ಅದು.

ಆದರೆ ಆ ಮೊದಲ ಮೂರು ಪ್ರಶ್ನೆಗಳ ಹತ್ತಿರ ಸ್ವಲ್ಪ ಬಗ್ಗಿ ನೋಡಿ. ಅವು ಕೇಳುವುದು 'ಡ್ರಿಂಕ್' ಲೆಕ್ಕದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲಿ ಒಂದು ಡ್ರಿಂಕ್ ಎಂದರೆ 10 ಗ್ರಾಂ ಶುದ್ಧ ಆಲ್ಕೋಹಾಲು. ನಮ್ಮ ಕಡೆ ಯಾರಾದರೂ ಡ್ರಿಂಕ್ ಲೆಕ್ಕದಲ್ಲಿ ಮಾತಾಡುತ್ತಾರಾ? ನೈಂಟಿ, ಕ್ವಾರ್ಟರ್, ಹಾಫ್. "ದಿನಾ ಎಷ್ಟು ತಗೋತೀರಿ?" ಎಂದು ಆರೋಗ್ಯ ಕಾರ್ಯಕರ್ತೆ ಕೇಳಿದರೆ, "ಜಾಸ್ತಿ ಏನಿಲ್ಲ ಮೇಡಂ, ಒಂದೇ ಒಂದು ಕ್ವಾರ್ಟರ್" ಅನ್ನುವವರೇ ಹೆಚ್ಚು. ಒಂದು ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ಬಾಟಲಿಯ ಮೇಲೆ ಶೇಕಡ 42.8 ಎಂದು ಅಚ್ಚಾಗಿರುತ್ತದೆ. ಆಲ್ಕೋಹಾಲು ನೀರಿಗಿಂತ ಹಗುರ, ಒಂದು ಮಿಲಿಲೀಟರಿಗೆ 0.79 ಗ್ರಾಂ. ಗುಣಿಸಿ ನೋಡಿ: ಸುಮಾರು 61 ಗ್ರಾಂ. ಅಂದರೆ ಆರು ಡ್ರಿಂಕ್!

ಈಗ ಅಂಕ ಹಾಕೋಣ. ದಿನಾ ಕುಡಿಯುವುದಕ್ಕೆ ಮೊದಲ ಪ್ರಶ್ನೆಯಲ್ಲಿ 4. ಒಂದು ದಿನಕ್ಕೆ ಆರು ಡ್ರಿಂಕ್ ಆದ್ದರಿಂದ ಎರಡನೆಯದರಲ್ಲಿ 2. ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ಬಾರಿ ಎಂಬ ಮೂರನೆಯದಕ್ಕೆ 'ದಿನಾ' ಎಂಬ ಉತ್ತರ, 4. ಒಟ್ಟು 10. ಮಿಕ್ಕ ಏಳು ಪ್ರಶ್ನೆ ಕೇಳುವ ಮೊದಲೇ ಗೆರೆ ದಾಟಿಯಾಯಿತು. ಆದರೆ 'ಒಂದು ಕ್ವಾರ್ಟರ್' ಎಂಬುದನ್ನು 'ಒಂದು ಡ್ರಿಂಕ್' ಎಂದು ಬರೆದುಕೊಂಡರೆ? 4, ಸೊನ್ನೆ, ಸೊನ್ನೆ. ಅದೇ ಮನುಷ್ಯ, ಅದೇ ಬಾಟಲಿ, ಅವನು ಒಂದು ಸುಳ್ಳೂ ಹೇಳಿಲ್ಲ. ಆರು ಅಂಕ ಮಾಯ! ಶೇಕಡ 92 ಎಂಬ ಅಂಕಿ ಯಾವ ಪ್ರಯೋಗಾಲಯದಲ್ಲೂ ಅಲ್ಲ, ಆ ಮೇಜಿನ ಮೇಲೆ, ಆ ಒಂದು ಪದದಲ್ಲಿ ಕುಸಿದುಬಿಡಬಹುದು.

ಹಿಡಿಯಬೇಕಾದವರನ್ನು ಹಿಡಿಯುವ ಶಕ್ತಿಗೆ ಸೆನ್ಸಿಟಿವಿಟಿ ಎಂದೂ, ಬಿಡಬೇಕಾದವರನ್ನು ಬಿಡುವ ಶಕ್ತಿಗೆ ಸ್ಪೆಸಿಫಿಸಿಟಿ ಎಂದೂ ವೈದ್ಯಕೀಯದಲ್ಲಿ ಬಳಕೆಗೆ ತಂದದ್ದು ಜೇಕಬ್ ಎರುಶಾಲ್ಮಿ ಎಂಬ ಸಂಖ್ಯಾಶಾಸ್ತ್ರಜ್ಞ, 1947ರಲ್ಲಿ. ಅವರ ಮುಂದಿದ್ದದ್ದು ಕ್ಷಯರೋಗ ಪತ್ತೆಗೆಂದು ತೆಗೆದ ಎದೆಯ ಎಕ್ಸ್‌ರೇಗಳು. ಆ ಕಾಲದ ಎಕ್ಸ್‌ರೇ ಅಧ್ಯಯನಗಳಲ್ಲಿ ಬೆಚ್ಚಿಬೀಳಿಸಿದ ಸಂಗತಿಯೆಂದರೆ, ಒಂದೇ ಚಿತ್ರವನ್ನು ನೋಡಿದ ಇಬ್ಬರು ತಜ್ಞರು ಒಪ್ಪುತ್ತಿರಲಿಲ್ಲ, ಅದೇ ತಜ್ಞ ಎರಡನೇ ಸಲ ನೋಡಿದಾಗ ತನ್ನ ಮೊದಲ ಮಾತನ್ನೇ ಒಪ್ಪುತ್ತಿರಲಿಲ್ಲ! ಆ ಗೊಂದಲವನ್ನು, ರೋಗ ಇದೆ-ಇಲ್ಲ, ಪರೀಕ್ಷೆ ಹೌದು-ಇಲ್ಲ ಎಂಬ ನಾಲ್ಕು ಮನೆಯ ಚೌಕದೊಳಗೆ ಕೂರಿಸಿದ ಕೆಲಸ ಇಂದಿಗೂ ಪ್ರತಿಯೊಂದು ಪ್ರಯೋಗಾಲಯದಲ್ಲಿ ಉಸಿರಾಡುತ್ತಿದೆ.

1975ರಲ್ಲಿ ಫೇಗನ್ ಎಂಬ ವೈದ್ಯರು ಒಂದು ಪುಟ್ಟ ಪತ್ರದಲ್ಲಿ ಪ್ರಕಟಿಸಿದ ಚಿತ್ರವನ್ನು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅದರಲ್ಲಿ ಮೂರು ಲಂಬ ಗೆರೆಗಳಿವೆ, ಅಷ್ಟೇ. ಎಡಗಡೆಯ ಗೆರೆಯಲ್ಲಿ ಪರೀಕ್ಷೆಗೆ ಮುಂಚಿನ ಸಂಭವ. ನಡುವಿನದರಲ್ಲಿ ಪರೀಕ್ಷೆಯ ಬಲ. ಸಮಸ್ಯೆ ಇರುವವರಿಗೆ ಈ ಫಲಿತಾಂಶ ಬರುವ ಸಂಭವ, ಇಲ್ಲದವರಿಗೆ ಬರುವ ಸಂಭವದ ಎಷ್ಟು ಪಟ್ಟು ಎಂಬುದೇ ಆ ಬಲ. ಆಡಿಟ್‌ಗೆ 92 ಭಾಗಿಸು 6, ಸುಮಾರು 15. ಬಲಗಡೆಯ ಗೆರೆಯಲ್ಲಿ ಪರೀಕ್ಷೆಯ ನಂತರದ ಸಂಭವ. ಒಂದು ಸ್ಕೇಲು ತೆಗೆದುಕೊಂಡು ಎಡಗಡೆ 5.2ರ ಮೇಲೆ, ನಡುವೆ 15ರ ಮೇಲೆ ಇಡಿ. ಬಲಗಡೆ ಸ್ಕೇಲು ನೇರವಾಗಿ 46ರ ಹತ್ತಿರ ಹೋಗಿ ನಿಲ್ಲುತ್ತದೆ. ಎಡತುದಿಯನ್ನು 50ಕ್ಕೆ ಸರಿಸಿ, ಬಲತುದಿ 94ಕ್ಕೆ ಹಾರುತ್ತದೆ. 1763ರಲ್ಲಿ, ಥಾಮಸ್ ಬೇಯ್ಸ್ ಎಂಬ ಪಾದ್ರಿ ತೀರಿಕೊಂಡ ಮೇಲೆ, ಅವರ ಸ್ನೇಹಿತ ರಿಚರ್ಡ್ ಪ್ರೈಸ್ ಪ್ರಕಟಣೆಗೆ ಕಳಿಸಿದ ಒಂದು ಪ್ರಬಂಧದ ಸಾರ ಪೂರ್ತಿ ಆ ಸ್ಕೇಲಿನ ಓಲಾಟದಲ್ಲಿದೆ!

ಗೆರೆಯನ್ನು 8ಕ್ಕೇ ಯಾಕೆ ಎಳೆಯಬೇಕು? 7 ಯಾಕಲ್ಲ, 10 ಯಾಕಲ್ಲ? ಇಲ್ಲಿಂದ ಕಥೆ ಎರಡನೇ ಮಹಾಯುದ್ಧಕ್ಕೆ ಜಿಗಿಯುತ್ತದೆ.

ರೇಡಾರ್ ಪರದೆಯ ಮುಂದೆ ಕೂತವನಿಗೆ ಕಾಣುವುದು ಮಿಣುಕುವ ಚುಕ್ಕೆಗಳು. ಅದು ವಿಮಾನವೋ, ಹಕ್ಕಿಗಳ ಹಿಂಡೋ, ಬರಿಯ ಗದ್ದಲವೋ? ಪ್ರತಿ ಚುಕ್ಕೆಗೂ ಸೈರನ್ ಊದಿದರೆ ಒಂದೂ ವಿಮಾನ ತಪ್ಪುವುದಿಲ್ಲ, ಆದರೆ ಊರಿಗೆ ನಿದ್ದೆಯಿಲ್ಲ. ತುಂಬ ಖಾತ್ರಿಯಾದಾಗ ಮಾತ್ರ ಊದಿದರೆ ಬಾಂಬ್ ಬಿದ್ದಿರುತ್ತದೆ. ಈ ಚಿಂತನೆಗೆ ಗಣಿತದ ರೂಪ ಕೊಟ್ಟು 1954ರಲ್ಲಿ ಪ್ರಕಟಿಸಿದವರು ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ಸನ್, ಬರ್ಡ್ಸಾಲ್ ಮತ್ತು ಫಾಕ್ಸ್. ಗೆರೆಯನ್ನು ಒಂದೇ ಜಾಗದಲ್ಲಿ ನಿಲ್ಲಿಸದೆ, ಮೇಲಿನಿಂದ ಕೆಳತನಕ ಸರಿಸುತ್ತಾ ಹೋಗಿ, ಪ್ರತಿ ಹೆಜ್ಜೆಯಲ್ಲೂ ಎಷ್ಟು ಹಿಡಿದೆವು, ಎಷ್ಟು ಸುಳ್ಳು ಗಂಟೆ ಬಾರಿಸಿದೆವು ಎಂದು ಚುಕ್ಕೆ ಇಟ್ಟು ಜೋಡಿಸಿದರೆ ಮೂಡುವ ವಕ್ರರೇಖೆಯೇ ಆರ್‌ಒಸಿ. ಶತ್ರು ವಿಮಾನಕ್ಕೆಂದು ಹುಟ್ಟಿದ ಅದೇ ರೇಖೆ ಮನಶ್ಶಾಸ್ತ್ರಕ್ಕೆ, ಅಲ್ಲಿಂದ ರೇಡಿಯಾಲಜಿಗೆ, ಕೊನೆಗೆ ಕುಡಿತದ ಪ್ರಶ್ನಾವಳಿಗೆ ಬಂದು ಸೇರಿತು.

ಆ ರೇಖೆಯ ಕೆಳಗಿನ ವಿಸ್ತೀರ್ಣಕ್ಕೆ ಇರುವ ಅರ್ಥವನ್ನು 1982ರಲ್ಲಿ ಹ್ಯಾನ್ಲಿ ಮತ್ತು ಮ್ಯಾಕ್‌ನೀಲ್ ವೈದ್ಯರಿಗೆ ಬಿಡಿಸಿ ಹೇಳಿದರು. ಎಂಥ ಸರಳ ಅರ್ಥ! ಸಮಸ್ಯೆ ಇರುವ ಒಬ್ಬನನ್ನು, ಇಲ್ಲದ ಒಬ್ಬನನ್ನು ಕಣ್ಣುಮುಚ್ಚಿ ಆರಿಸಿ. ಮೊದಲಿನವನ ಅಂಕ ಎರಡನೆಯವನಿಗಿಂತ ಹೆಚ್ಚಿರುವ ಸಂಭವ ಎಷ್ಟೋ ಅಷ್ಟೇ ಆ ವಿಸ್ತೀರ್ಣ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಸಮಸ್ಯೆ ಇರುವ ನಾಲ್ವರ ಅಂಕ 7, 11, 16, 22. ಇಲ್ಲದ ನಾಲ್ವರದು 1, 3, 6, 9. ಒಟ್ಟು 16 ಜೋಡಿ. 7 ಅಂಕದವನು 9ರ ಎದುರು ಸೋಲುತ್ತಾನೆ, ಮಿಕ್ಕ ಎಲ್ಲ ಜೋಡಿಯಲ್ಲೂ ಸಮಸ್ಯೆ ಇರುವವನ ಅಂಕವೇ ಮೇಲು. ಹದಿನಾರಕ್ಕೆ ಹದಿನೈದು, ಅಂದರೆ 0.94. ಕಲನಶಾಸ್ತ್ರ ಬೇಡ, ಕಂಪ್ಯೂಟರ್ ಬೇಡ, ಬೆರಳೆಣಿಕೆಯಲ್ಲಿ ವಿಸ್ತೀರ್ಣ ಸಿಕ್ಕಿಬಿಟ್ಟಿತು!

ಇದೇ ಎಂಟು ಜನರ ಮೇಲೆ ಯೂಡನ್ ಸೂಚ್ಯಂಕವನ್ನೂ ಪ್ರಯೋಗಿಸೋಣ. ವಿಲಿಯಂ ಯೂಡನ್ ಮೂಲತಃ ರಸಾಯನಶಾಸ್ತ್ರಜ್ಞ. 1950ರಲ್ಲಿ ಕ್ಯಾನ್ಸರ್ ಕುರಿತ ಪತ್ರಿಕೆಯೊಂದರಲ್ಲಿ ಒಂದು ಚಿಕ್ಕ ಲೇಖನ ಬರೆದು, ಸೆನ್ಸಿಟಿವಿಟಿ ಮತ್ತು ಸ್ಪೆಸಿಫಿಸಿಟಿಯನ್ನು ಕೂಡಿಸಿ ಒಂದನ್ನು ಕಳೆಯಿರಿ ಅಂದರು. ನಾಣ್ಯ ಚಿಮ್ಮಿ ನಿರ್ಧರಿಸುವ ಪರೀಕ್ಷೆಗೆ ಸೊನ್ನೆ, ಪರಿಪೂರ್ಣ ಪರೀಕ್ಷೆಗೆ 1. ಗೆರೆಯನ್ನು 7ಕ್ಕೆ ಇಟ್ಟರೆ ಸಮಸ್ಯೆ ಇರುವ ನಾಲ್ವರೂ ಸಿಗುತ್ತಾರೆ, 9 ಅಂಕದ ನಿರಪರಾಧಿ ಒಬ್ಬ ಜೊತೆಗೆ ಸಿಕ್ಕಿಬೀಳುತ್ತಾನೆ. ಸೂಚ್ಯಂಕ 0.75. ಗೆರೆಯನ್ನು 10ಕ್ಕೆ ಏರಿಸಿದರೆ ಯಾವ ನಿರಪರಾಧಿಯೂ ಸಿಗುವುದಿಲ್ಲ, 7 ಅಂಕದವನೊಬ್ಬ ತಪ್ಪಿಸಿಕೊಳ್ಳುತ್ತಾನೆ. ಸೂಚ್ಯಂಕ ಮತ್ತೆ 0.75! ಗಣಿತ ಎರಡನ್ನೂ ಸರಿಸಮ ಎನ್ನುತ್ತದೆ. ಇನ್ನು ತೀರ್ಮಾನ ಮನುಷ್ಯರದು. ಗೆರೆ ದಾಟಿದವನಿಗೆ ಕಾದಿರುವುದು ಆರೋಗ್ಯ ಕೇಂದ್ರದಲ್ಲಿ ಹತ್ತು ನಿಮಿಷದ ಆಪ್ತ ಮಾತು ಮಾತ್ರವಾದರೆ 7 ಇರಲಿ. ಗೆರೆ ದಾಟಿದ್ದಕ್ಕೆ ಚಾಲಕನ ಕೆಲಸವೇ ಹೋಗುವುದಾದರೆ 10 ಬೇಕು. ಗೋವಾದಲ್ಲಿ ನಡೆದು 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಂಶೋಧಕರು ಹಾನಿಕರ ಕುಡಿತಕ್ಕೆ ಆಪ್ತ ಸಲಹೆ ನೀಡಲು ಆಯ್ದುಕೊಂಡದ್ದು ಆಡಿಟ್‌ನಲ್ಲಿ 12ರಿಂದ 19 ಅಂಕ ಪಡೆದ ಗಂಡಸರನ್ನು. ಆಡಿಟ್‌ನ ಮೊದಲ ಮೂರು ಪ್ರಶ್ನೆಗಳನ್ನಷ್ಟೇ ಬಳಸುವ ಚಿಕ್ಕ ರೂಪದಲ್ಲಿ ಗಂಡಸರಿಗೆ ಸಾಮಾನ್ಯವಾಗಿ 4, ಹೆಂಗಸರಿಗೆ 3 ಎಂಬ ಗೆರೆ ಬಳಕೆಯಲ್ಲಿದೆ. ಗೆರೆ ಎಲ್ಲಿರಬೇಕೆಂಬುದಕ್ಕೆ ಜಗತ್ತಿಗೆಲ್ಲ ಒಂದೇ ಉತ್ತರ ಇಲ್ಲ.

ಪ್ರಶ್ನೆ ಕೇಳುವ ಗೊಡವೆಯೇ ಬೇಡ, ರಕ್ತವನ್ನೇ ಕೇಳೋಣ ಎಂದರೆ? ಅಲ್ಲೂ ಅದ್ಭುತಗಳ ಸಾಲು. ಸ್ವೀಡನ್ನಿನ ಸಂಶೋಧಕರು 1983ರಲ್ಲಿ ಆಲ್ಕೋಹಾಲು ಕೊಟ್ಟ ಇಲಿಗಳ ಅಂಗಾಂಗಗಳಲ್ಲಿ ಒಂದು ಅಪರಿಚಿತ ಕೊಬ್ಬನ್ನು ಕಂಡರು. ಅದೇ ಫಾಸ್ಫಟಿಡೈಲ್ ಎಥನಾಲ್, ಚಿಕ್ಕದಾಗಿ ಪೆತ್. ಆಲ್ಕೋಹಾಲು ಇದ್ದಾಗಲೇ ಜೀವಕೋಶದ ಪೊರೆಯಲ್ಲಿ ಅದು ತಯಾರಾಗುತ್ತದೆ. ಕೆಂಪು ರಕ್ತಕಣಗಳ ಪೊರೆಯಲ್ಲಿ ಎರಡರಿಂದ ನಾಲ್ಕು ವಾರ ಉಳಿದು, ಕುಡಿದವನು ಮರೆತದ್ದನ್ನೂ ಹೇಳುತ್ತದೆ. ಮೂತ್ರದಲ್ಲಿ ಸಿಗುವ ಎಥೈಲ್ ಗ್ಲುಕುರೊನೈಡ್ ಇನ್ನೂ ಚುರುಕು, ಎಷ್ಟು ಚುರುಕೆಂದರೆ ಕೈಗೆ ಹಚ್ಚಿದ ಸ್ಯಾನಿಟೈಸರ್, ಬಾಯಿ ಮುಕ್ಕಳಿಸಿದ ಮೌತ್‌ವಾಷ್ ಕೂಡ ಸುಳಿವು ಬಿಡಬಲ್ಲವು. ಇನ್ನೊಂದು ಕಡೆ, ಮೂತ್ರಕೋಶದ ಸೋಂಕಿನ ಈ-ಕೋಲಿ ಬ್ಯಾಕ್ಟೀರಿಯಾ ಅದೇ ಅಣುವನ್ನು ಮುರಿದು ಸಾಕ್ಷ್ಯವನ್ನೇ ಅಳಿಸಿಬಿಡಬಹುದು. ತಪ್ಪು ಎರಡೂ ದಿಕ್ಕಿನಿಂದ ನುಗ್ಗುತ್ತದೆ!

1970ರ ದಶಕದಲ್ಲಿ ಸ್ವೀಡನ್ನಿನ ಹೆಲೆನಾ ಸ್ಟಿಬ್ಲರ್ ಬೆಳಕಿಗೆ ತಂದ ಸಿಡಿಟಿ ಎಂಬ ಸೂಚಕದ ಕಥೆ ಬೇರೊಂದು ಪಾಠ ಕೊಟ್ಟಿತು. ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು, ವಾರಗಟ್ಟಲೆ ವಿಪರೀತ ಕುಡಿದವರಲ್ಲಿ ತನ್ನ ಸಕ್ಕರೆಯ ಸರಪಣಿಗಳನ್ನು ಕಳೆದುಕೊಳ್ಳುತ್ತದೆ. ಆರಂಭದ ಅಧ್ಯಯನಗಳಲ್ಲಿ ಅದು ಬಹುತೇಕ ತಪ್ಪೇ ಮಾಡದಂತೆ ಕಂಡಿತ್ತು. ಸಾಮಾನ್ಯ ರೋಗಿಗಳ ನಡುವೆ ಬಂದಾಗ ಹಿಡಿಯುವ ಶಕ್ತಿ ಇಳಿಯಿತು. ಕಾರಣ ಅಣುವಿನಲ್ಲಿರಲಿಲ್ಲ, ಆರಿಸಿದ ಜನರಲ್ಲಿತ್ತು. ಒಂದು ಕಡೆ ವಾರ್ಡಿನಲ್ಲಿ ಮಲಗಿದ ಮಹಾಕುಡುಕರು, ಇನ್ನೊಂದು ಕಡೆ ಕುಡಿಯದವರು ಅಥವಾ ತೀರಾ ಅಲ್ಪಸ್ವಲ್ಪ ಕುಡಿಯುವವರು. ಈ ಎರಡು ತುದಿಗಳನ್ನು ಬೇರೆ ಮಾಡುವುದು ಕಷ್ಟವಲ್ಲ. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂತಿರುವವರು ನಡುವಿನವರು. ಬೇರೆ ಬೇರೆ ಪರೀಕ್ಷೆಗಳಲ್ಲಿ ಇದೇ ಮೋಸ ಹೇಗೆ ನಡೆಯುತ್ತದೆ ಎಂದು ರಾನ್ಸಾಫ್ ಮತ್ತು ಫೈನ್‌ಸ್ಟೀನ್ 1978ರಲ್ಲೇ ಎಚ್ಚರಿಸಿದ್ದರು. ಸಂಶೋಧಕರು ತಾವು ಯಾರನ್ನು, ಹೇಗೆ ಆರಿಸಿದೆವು ಎಂದು ಬಿಚ್ಚಿ ಹೇಳಲೇಬೇಕೆಂಬ 'ಸ್ಟಾರ್ಡ್' ನಿಯಮಾವಳಿ ಬಂದದ್ದು 2003ರಲ್ಲಿ. 2015ರಲ್ಲಿ ಅದು 30 ಅಂಶಗಳ ಪಟ್ಟಿಯಾಗಿ ಪರಿಷ್ಕೃತವಾಯಿತು.

ಇಷ್ಟು ಹೊತ್ತೂ ನಾವೊಂದನ್ನು ಸುಮ್ಮನೆ ನಂಬಿಕೊಂಡು ಬಂದೆವು. 'ನಿಜವಾಗಿ ಸಮಸ್ಯೆ ಇರುವವರು' ಯಾರೆಂದು ಗೊತ್ತಿದೆ ಎಂದು. ಯಾರು ಹೇಳಿದರು? ತಜ್ಞರ ಸಂದರ್ಶನ. ಅದೂ ಒಂದು ಪರೀಕ್ಷೆಯೇ ತಾನೆ, ಅದರಲ್ಲೂ ತಪ್ಪಿರಬಹುದು ತಾನೆ? ಸತ್ಯವೇ ಕೈಗೆ ಸಿಗದಿದ್ದರೆ ನಿಖರತೆಯನ್ನು ಯಾವುದರ ಎದುರು ಅಳೆಯುವುದು?

1980ರಲ್ಲಿ ಹುಯಿ ಮತ್ತು ವಾಲ್ಟರ್ ಕೊಟ್ಟ ಉತ್ತರ ನನ್ನ ಮಟ್ಟಿಗೆ ಈ ಇಡೀ ಶಾಸ್ತ್ರದ ಶಿಖರ. ಸತ್ಯ ಗೊತ್ತಿರಬೇಕಾಗಿಯೇ ಇಲ್ಲ ಅಂದರು ಅವರು! ಎರಡು ಪರೀಕ್ಷೆಗಳನ್ನು, ಸಮಸ್ಯೆಯ ಪ್ರಮಾಣ ಬೇರೆಬೇರೆಯಿರುವ ಎರಡು ಗುಂಪಿನ ಜನರ ಮೇಲೆ ನಡೆಸಿ. ಗೊತ್ತಿಲ್ಲದ ಸಂಖ್ಯೆಗಳು ಎಷ್ಟು? ಎರಡು ಸೆನ್ಸಿಟಿವಿಟಿ, ಎರಡು ಸ್ಪೆಸಿಫಿಸಿಟಿ, ಎರಡು ಗುಂಪಿನ ಎರಡು ಪ್ರಮಾಣ. ಒಟ್ಟು ಆರು. ಕಣ್ಣಿಗೆ ಕಾಣುವುದು ಎಷ್ಟು? ಒಂದು ಗುಂಪಿನಲ್ಲಿ ಹೌದು-ಹೌದು, ಹೌದು-ಇಲ್ಲ, ಇಲ್ಲ-ಹೌದು, ಇಲ್ಲ-ಇಲ್ಲ ಎಂಬ ನಾಲ್ಕು ಮನೆ. ಮೂರು ತುಂಬಿದರೆ ನಾಲ್ಕನೆಯದು ತಾನೇ ಗೊತ್ತಾಗುತ್ತದೆ, ಹಾಗಾಗಿ ಮೂರು ಸುಳಿವು. ಎರಡು ಗುಂಪಿಗೆ ಆರು. ಆರು ಅಜ್ಞಾತ, ಆರು ಸುಳಿವು! ಅವರು ತೋರಿಸಿದ್ದು ಕ್ಷಯರೋಗದ ಚರ್ಮ ಪರೀಕ್ಷೆಗಳ ಮೇಲೆ. ಯಾರಿಗೆ ರೋಗವಿದೆಯೆಂದು ಯಾರೂ ಹೇಳದಿದ್ದರೂ ಪರೀಕ್ಷೆಗಳ ಗುಣದೋಷ ಲೆಕ್ಕದಿಂದ ಹೊರಬಿದ್ದಿತು.

ಇದಕ್ಕೆ ಷರತ್ತುಗಳಿವೆ, ಕುಡಿತದ ವಿಷಯದಲ್ಲಿ ಅವು ಜೀವ ತಳೆದು ಎದ್ದು ನಿಲ್ಲುತ್ತವೆ. ಪರೀಕ್ಷೆಗಳ ಗುಣ ಎರಡೂ ಗುಂಪಿನಲ್ಲಿ ಒಂದೇ ಆಗಿರಬೇಕು. ಕ್ವಾರ್ಟರನ್ನು ಒಂದು ಕಡೆ ಆರಾಗಿ, ಇನ್ನೊಂದು ಕಡೆ ಒಂದಾಗಿ ಎಣಿಸಿದರೆ ಲೆಕ್ಕ ಕೆಟ್ಟಿತು. ಜೊತೆಗೆ ಎರಡು ಪರೀಕ್ಷೆಗಳ ತಪ್ಪುಗಳು ಒಂದಕ್ಕೊಂದು ಕೈಜೋಡಿಸಬಾರದು. ಆಡಿಟ್ ಜೊತೆಗೆ ಇನ್ನೊಂದು ಪ್ರಶ್ನಾವಳಿಯನ್ನು ಇಟ್ಟರೆ, ನಾಚಿಕೆಯಿಂದ ಮೊದಲನೆಯದಕ್ಕೆ ಮುಚ್ಚಿಟ್ಟವನು ಎರಡನೆಯದಕ್ಕೂ ಮುಚ್ಚಿಡುತ್ತಾನೆ. ಎರಡೂ ಒಟ್ಟಿಗೆ ತಪ್ಪುತ್ತವೆ, ಎರಡೂ ಒಪ್ಪಿದ್ದನ್ನು ಕಂಡು ಲೆಕ್ಕ ಹಿಗ್ಗುತ್ತದೆ. ಅದೇ ಆಡಿಟ್ ಪಕ್ಕದಲ್ಲಿ ಪೆತ್ ಇಡಿ. ಕೆಂಪು ರಕ್ತಕಣದ ಪೊರೆಗೆ ನಾಚಿಕೆ ಗೊತ್ತಿಲ್ಲ. ಹೆಂಡತಿಯ ಎದುರು ಕೂತು ಉತ್ತರಿಸುವ ಗಂಡನ ಸಂಕೋಚಕ್ಕೂ ಅಣುವೊಂದು ಕರಗುವ ವೇಗಕ್ಕೂ ಸಂಬಂಧವಿರಲು ಕಾರಣ ಬಹಳ ಕಡಿಮೆ. ಪೆತ್ ಅಳೆಯುವುದು ಕಳೆದ ಕೆಲವು ವಾರಗಳ ಕುಡಿತವನ್ನು, ಆಡಿಟ್ ಕೇಳುವುದು ವರ್ಷದ ಬದುಕನ್ನು, ಆದ್ದರಿಂದ ಯಾವ 'ಸತ್ಯ'ವನ್ನು ಅರಸುತ್ತಿದ್ದೇವೆ ಎಂಬುದನ್ನು ಸಂಶೋಧಕರು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಅದಾದ ಮೇಲೆ ದಾರಿ ತೆರೆದಿದೆ. ತಪ್ಪುಗಳು ಹೀಗೆ ಬಿಡಿಬಿಡಿಯಾಗಿರುವ ಮೂರನೆಯ ಪರೀಕ್ಷೆಯೊಂದು ಸಿಕ್ಕರೆ ಎರಡನೇ ಗುಂಪೇ ಬೇಡ. ಆಗ ಮನೆಗಳು ಎಂಟು, ಸುಳಿವು ಏಳು. ಅಜ್ಞಾತಗಳೆಂದರೆ ಮೂರು ಸೆನ್ಸಿಟಿವಿಟಿ, ಮೂರು ಸ್ಪೆಸಿಫಿಸಿಟಿ, ಒಂದು ಪ್ರಮಾಣ. ಅವೂ ಏಳು!